ಮಾವಿನ ಮರದ ಪರವಾಗಿ

ನಮ್ಮ ಮನೆಯಲ್ಲಿ ಮರದ ಪರವಾಗಿ ಮಾತಾಡುವ ಕೆಲಸ ನನ್ನದಾಗಿತ್ತು. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ, ನಗಲಿ, ನನಗೇನು. ಒಂದೊಂದು ಮನೆಯಲ್ಲಿ ಮಕ್ಕಳಿಗೆ ಒಂದೊಂದು ಕೆಲಸ ಇರುತ್ತದೆ. ಸಂಜೆ ಕೋಳಿಗೂಡಿನ ಬಾಗಿಲು ಹಾಕುವುದು, ಲಾಟೀನಿನ ಗಾಜನ್ನು ಬೂದಿಯಲ್ಲಿ ಒರೆಸುವುದು, ಅಜ್ಜಿಯ ಎಲೆಅಡಿಕೆಯ ಹರಿವಾಣ ಹುಡುಕಿ ಕೊಡುವುದು, ಇವೆಲ್ಲ ನನಗೂ ಇದ್ದವು. ಇದರ ಮೇಲೆ ವರ್ಷಕ್ಕೊಮ್ಮೆ ಹಿತ್ತಿಲ ಮಾವಿನ ಮರದ ಬೆನ್ನಿಗೆ ಅಡಗಿ ನಿಂತು, ಕೊಡಲಿ ಹಿಡಿದು ಬರುವ ಸೋದರಮಾವನಿಗೆ ಮರದ ಬದಲು ಉತ್ತರ ಕೊಡಬೇಕು. ಆ ಮರ ಅಮ್ಮನ ಮದುವೆಗಿಂತ ಹಳೆಯದು. ಒಂದೇ ಒಂದು ಮಿಡಿ ಬಿಟ್ಟದ್ದಿಲ್ಲ. ಕಾಯಿ ಬಿಡದ ಮರವನ್ನು ಒಮ್ಮೆ ಹೆದರಿಸಬೇಕು, ಹೆದರಿಸಿದ ಮೇಲೆ ಸಮಾಧಾನವನ್ನೂ ಮಾಡಬೇಕು ಎಂಬುದು ಅಜ್ಜಿಯ ಕಟ್ಟಳೆ. ಹೆದರಿಸುವುದು ಮಾವನ ಪಾಲಿಗೆ, ಸಮಾಧಾನ ಅಜ್ಜಿಯ ಪಾಲಿಗೆ, ನಡುವೆ ಮಾತು ಕೊಡುವುದು ನನ್ನ ಪಾಲಿಗೆ ಬಂದಿತ್ತು. ಮಕ್ಕಳ ಬಾಯಿಂದ ಬಂದ ಮಾತನ್ನು ಮರ ಮೀರುವುದಿಲ್ಲವಂತೆ.

ಮಾವ ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದು, ಯಕ್ಷಗಾನದ ರಾಕ್ಷಸನ ಹಾಗೆ ಗಂಟಲು ದಪ್ಪ ಮಾಡಿ ಕೇಳುತ್ತಿದ್ದರು:

“ಕಾಯಿ ಬಿಡ್ತೀಯಾ, ಅಲ್ಲ ಕಡಿಯಲಾ?”

“ಕಡಿಯಬೇಡಿ. ಬರುವ ವರ್ಷ ಬಿಡ್ತೇನೆ.”

“ಖಂಡಿತವಾ?”

“ಖಂಡಿತ.”

ಆಗ ಅವರು ಕೊಡಲಿ ತಿರುಗಿಸಿ ತೊಗಟೆಗೆ ಒಂದು ಸಣ್ಣ ಏಟು ಹಾಕುತ್ತಿದ್ದರು. ಅಜ್ಜಿ ಆ ಗಾಯಕ್ಕೆ ಸುಣ್ಣ ಹಚ್ಚಿ, ಬುಡಕ್ಕೆ ಗಂಜಿಯ ತಿಳಿ ಹೊಯ್ದು, ‘ಹೆದರಬೇಡ, ಅವ ಬಾಯಲ್ಲಿ ಹೇಳುವುದು ಮಾತ್ರ’ ಎಂದು ಮರದ ಬೆನ್ನು ಸವರುತ್ತಿದ್ದಳು. ನನ್ನ ಗೊಂದಲ ಶುರುವಾದದ್ದು ಅಲ್ಲಿಂದಲೇ. ಬಾಯಲ್ಲಿ ಹೇಳುವುದು ಮಾತ್ರ ಆದರೆ ಕೊಡಲಿ ಯಾಕೆ? ಕೊಡಲಿ ನಿಜವಾದರೆ ಮಾವ ನಡುನಡುವೆ ನಗುವುದು ಯಾಕೆ? ಮತ್ತೆ ನಾನು ‘ಖಂಡಿತ’ ಎಂದದ್ದು ಯಾವ ಧೈರ್ಯದಲ್ಲಿ? ಮರ ನನ್ನ ಹತ್ತಿರ ಏನನ್ನೂ ಹೇಳಿರಲಿಲ್ಲ.

ನಮ್ಮ ಮನೆ ಇದ್ದದ್ದು ಕಾಪುವಿನ ಒಳಗೆ, ಬಸ್ಸಿನ ಮಾರ್ಗದಿಂದ ಇಳಿದು ಗದ್ದೆಯ ಹುಣಿಯ ಮೇಲೆ ನಡೆದು ಬರುವಲ್ಲಿ. ಆ ಗದ್ದೆಗಳು ಒಂದು ಕಾಲಕ್ಕೆ ನಮ್ಮವೇ. ಭೂಸುಧಾರಣೆಯ ಕಾನೂನು ಬಂದು ಡಿಕ್ಲರೇಶನ್ ಆದ ಮೇಲೆ ಒಕ್ಕಲಿನವರ ಹೆಸರಿಗೆ ಹೋದವು. ಮನೆ, ಬಾವಿ, ಸುತ್ತಲಿನ ಹಿತ್ತಿಲು ಉಳಿಯಿತು. ‘ಉಳುವವನಿಗೆ ಹೋಯಿತು, ಕಳ್ಳನಿಗೆ ಅಲ್ಲವಲ್ಲ’ ಎಂದು ಅಜ್ಜಿ ಅದನ್ನು ಅಲ್ಲಿಗೇ ಬಿಟ್ಟಳು. ಮಾವನಿಗೆ ಮಾತ್ರ ಉಳಿದ ಮಣ್ಣಿನ ಮೇಲೆ ಹಠ ಹುಟ್ಟಿತು. ಮಲ್ಲಿಗೆ ಹಾಕಿದರು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ ಹೂವಿನ ಕಟ್ಟೆಗೆ ಮುಟ್ಟಿಸಿದರೆ ಮನೆಯ ಅಕ್ಕಿಗೆ ತೊಂದರೆ ಇರಲಿಲ್ಲ. ಮಲ್ಲಿಗೆಗೆ ಬಿಸಿಲು ಬೇಕು, ಬಿಸಿಲಿಗೆ ಅಡ್ಡ ನಿಂತದ್ದು ಆ ಮರ. ಹಾಗಾಗಿ ಮಾವನ ಕೊಡಲಿಯಲ್ಲಿ ಅರ್ಧ ಆಟ, ಅರ್ಧ ಆಸೆ.

ಮನೆಯಲ್ಲಿ ಇದ್ದದ್ದು ಅಜ್ಜಿ, ಅಮ್ಮ, ಮಾವ ಮತ್ತು ನಾನು. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ. ಬೇಸಿಗೆಯಲ್ಲಿ ಬಂದು ಮಳೆಗೆ ಮೊದಲೇ ಮುಗಿದುಹೋಗುವವರು. ಮಾವನ ಹೆಂಡತಿ ಮಕ್ಕಳು ಬೆಳ್ಮಣ್ಣಿನ ತಮ್ಮ ತಾಯಿಮನೆಯಲ್ಲಿ. ಮಾವ ಶನಿವಾರದ ಬಸ್ಸಿಗೆ ಹೋಗಿ ಸೋಮವಾರ ಬರುತ್ತಿದ್ದರು. ನಮ್ಮಲ್ಲಿ ಮನೆ ನಡೆಯುವುದು ಹೆಣ್ಣುಮಕ್ಕಳ ಕಡೆಯಿಂದ, ಯಜಮಾನಿಕೆ ಮಾತ್ರ ಅವರ ಅಣ್ಣಂದಿರದು. ಆದ್ದರಿಂದ ಹಿತ್ತಿಲು ಯಾರದ್ದು ಎಂಬುದಕ್ಕೂ ಒಂದು ನೆಟ್ಟಗಿನ ಉತ್ತರ ಇರಲಿಲ್ಲ. ಮಾವ ‘ನನ್ನ ಮಲ್ಲಿಗೆ’ ಎನ್ನುತ್ತಿದ್ದರು, ಅಜ್ಜಿ ‘ನನ್ನ ಮಣ್ಣು’ ಎನ್ನುತ್ತಿದ್ದಳು. ಅಮ್ಮ ಯಾರ ಕಡೆಗೂ ಮಾತಾಡದೆ ಎರಡಕ್ಕೂ ನೀರು ಹೊಯ್ಯುತ್ತಿದ್ದಳು. ಈ ಜಗಳಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡ ನಮಗೆ ಶಾಲೆಯ ಭಾಷೆ. ಈಗ ಇಲ್ಲಿ ಕನ್ನಡಕ್ಕೆ ಇಳಿಸುವಾಗ ಅಜ್ಜಿಯ ಬೈಗುಳದ ಖಾರ ಅರ್ಧ ಹೋಗಿದೆ, ಓದುವವರು ಸೇರಿಸಿಕೊಳ್ಳಬೇಕು.

ಯಾವ ತಿಂಗಳಲ್ಲಿ ಎಂತ ಮಾಡಬೇಕು ಎಂಬುದರಲ್ಲೂ ನನಗೆ ಹೀಗೆಯೇ ತಲೆ ಕೆಡುತ್ತಿತ್ತು. ಶಾಲೆಯಲ್ಲಿ ಮಾಸ್ಟ್ರು ಆರು ಋತುಗಳನ್ನು ಬಾಯಿಪಾಠ ಮಾಡಿಸಿ, ವಸಂತ ಋತುವಿನಲ್ಲಿ ತಂಗಾಳಿ ಬೀಸುತ್ತದೆ ಎಂದು ಬರೆಸಿದ್ದರು. ನಮ್ಮ ವಸಂತದಲ್ಲಿ ಬಾವಿಯ ಹಗ್ಗ ಉದ್ದ ಸಾಲುತ್ತಿರಲಿಲ್ಲ, ಬೆನ್ನ ತುಂಬ ಬೆವರುಸಾಲೆ. ಅಜ್ಜಿಗೆ ಋತುಗಳ ಸುದ್ದಿಯೇ ಇಲ್ಲ; ಅವಳದು ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂಬ ತುಳು ತಿಂಗಳುಗಳು. ಮಾವನಿಗೆ ಇದ್ದದ್ದು ಎರಡೇ ಕಾಲ, ಹೂವಿಗೆ ರೇಟು ಇರುವ ಕಾಲ ಮತ್ತು ಇಲ್ಲದ ಕಾಲ. ‘ಈಗ ಯಾವ ಕಾಲ?’ ಎಂದು ನಾನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಹೇಳುವಾಗ ಒಬ್ಬರಿಗೂ ಸಂಶಯ ಇರುತ್ತಿರಲಿಲ್ಲ. ದೊಡ್ಡವರಾದ ಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ, ನನ್ನ ತಲೆಯಲ್ಲಿಯೇ ಏನೋ ಕಮ್ಮಿ ಉಂಟು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ನಾನು ಹೇಳಬೇಕೆಂದಿರುವುದು ಮೂರನೇ ಕ್ಲಾಸಿನ ವರ್ಷದ ಕಥೆ. ಆ ವರ್ಷ ಪಗ್ಗು ತಿಂಗಳಿನಲ್ಲಿ, ತುಳುವರ ಹೊಸ ವರ್ಷಕ್ಕೆ, ಎಂದಿನಂತೆ ಹಣ್ಣು ತರಕಾರಿ ಜೋಡಿಸಿ ಬಿಸು ಕಣಿ ಇಟ್ಟದ್ದಾಯಿತು, ಮರುದಿನದಿಂದ ಸುಡುಮಣ್ಣಿನ ಕೆಲಸ. ಉದುರಿದ ಎಲೆ, ತರಗು, ಸೆಗಣಿ ಬೆರಣಿಯ ಮೇಲೆ ಮಣ್ಣು ಮುಚ್ಚಿ ಬೆಂಕಿ ಇಟ್ಟರೆ ಒಳಗೊಳಗೇ ಹೊಗೆಯಾಡಿ ಮಣ್ಣು ಕೆಂಪಾಗುತ್ತದೆ. ಅದನ್ನು ಹರಡಿ, ಬೇಶ ತಿಂಗಳಲ್ಲಿ ಸೌತೆ, ಹೀರೆ, ಪಡುವಲ, ಬೆಂಡೆಯ ಬೀಜ. ಅಜ್ಜಿ ಬೀಜಗಳನ್ನು ಹಿಂದಿನ ವರ್ಷ ಬೂದಿಯಲ್ಲಿ ಉಜ್ಜಿ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ತೂಗಿಸಿರುತ್ತಿದ್ದಳು. ಗಂಟು ಬಿಚ್ಚಿದಾಗ ಅಡಿಗೆಮನೆಯದ್ದೇ ವಾಸನೆ. ನಾನು ಒಂದೊಂದು ಗುಳಿಗೆ ಬೀಜ ಹಾಕುತ್ತ ಹೋದ ಹಾಗೆ ಅವಳು ಹಿಂದಿನಿಂದ ಕಾಲಲ್ಲಿ ಮಣ್ಣು ಸರಿಸುತ್ತ ಬರುತ್ತಿದ್ದಳು. ಎಳೆಕಾಯಿ ಕಂಡರೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಇಂಥದ್ದು ನೂರಾರು. ಬರುವ ವರ್ಷ ಮರದಲ್ಲಿ ಮಿಡಿ ಕಂಡರೆ ಹೇಗೆ ತೋರಿಸುವುದೆಂದು ನಾನು ಆಗಲೇ ಅಭ್ಯಾಸ ಮಾಡುತ್ತಿದ್ದೆ.

ಆಟಿ ಬಂದಾಗ ಮಳೆಗೆ ಹಿತ್ತಿಲೆಲ್ಲ ಒಂದೇ ಹಸಿರು. ಆಟಿಯಲ್ಲಿ ಬಿತ್ತುವುದಿಲ್ಲ, ನೆಡುವುದಿಲ್ಲ, ತಾನಾಗಿ ಹುಟ್ಟಿದ್ದನ್ನು ತಿನ್ನುವುದು. ಆವತ್ತು ಪತ್ರೊಡೆ. ಅಜ್ಜಿ ಕೆಸುವಿನ ಎಲೆಯ ನಾರು ತೆಗೆದು ಬೆನ್ನಿಗೆ ಹಿಟ್ಟು ಹಚ್ಚುತ್ತಿದ್ದಳು, ಅಮ್ಮ ಸುರುಳಿ ಸುತ್ತುತ್ತಿದ್ದಳು. ಅಜ್ಜಿಗೆ ಆ ವಾರ ಜ್ವರ ಬಂದು ಬಿಟ್ಟಿತ್ತು. ಆದರೂ ಮಣೆ ಬಿಟ್ಟು ಎದ್ದಿರಲಿಲ್ಲ. ಮಾವ ಬಾಗಿಲಲ್ಲಿ ನಿಂತು ಪಂಚೆಯ ನೀರು ಹಿಂಡುತ್ತ ಹೇಳಿದರು:

“ಮಳೆ ಬಿಟ್ಟ ಮೇಲೆ ಆ ಮರ ತೆಗೆಸ್ತೇನೆ. ಅದರ ನೆರಳಿಗೆ ಮೂಡು ಬದಿಯ ಮಲ್ಲಿಗೆ ಗಿಡ ಎಲ್ಲ ಸೊರಗಿ ಹೋಗಿದೆ.”

“ಮುಟ್ಟಬೇಡ ಅದನ್ನು,” ಎಂದಳು ಅಜ್ಜಿ. “ಅದು ನನಗೆ ಇರಲಿ.”

ನನಗೆ ತಡೆಯಲಿಲ್ಲ. “ನಿನಗೆ ಹಲ್ಲೇ ಇಲ್ಲ ಅಜ್ಜಿ. ಮಾವಿನ ಹಣ್ಣು ಹೇಗೆ ತಿನ್ನುವುದು?”

“ಹಣ್ಣು ತಿನ್ನಲಿಕ್ಕೆ ಅಲ್ಲ ಮಾರಾಯ್ತಿ, ನನ್ನನ್ನು ಸುಡ್ಲಿಕ್ಕೆ. ನಿನ್ನ ಅಜ್ಜ ಹೋದಾಗ ಅಲ್ಲಿ ಇದ್ದ ಮರ ಕಡಿದದ್ದು. ಅದೇ ಜಾಗದಲ್ಲಿ ಗೊರಟು ಹಾಕಿ ಇದನ್ನು ಮಾಡಿದೆ. ಇದು ನನ್ನದು.”

“ಮಗುವಿನ ಎದುರು ಎಂತ ಮಾತಮ್ಮ ಇದು,” ಎಂದಳು ಅಮ್ಮ.

“ಮಗುವೇ ಅಲ್ವಾ ಆ ಮರಕ್ಕೆ ಮಾತಾಡುವುದು. ಅದಕ್ಕೆ ತಿಳಿದಿರಲಿ,” ಎಂದು ಅಜ್ಜಿ ಇನ್ನೊಂದು ಎಲೆ ಎತ್ತಿಕೊಂಡಳು.

ನಮ್ಮ ಕಡೆ ಹೆಣ ಸುಡಲಿಕ್ಕೆ ಮಾವಿನ ಮರವೇ ಆಗಬೇಕು. ಮನೆಯವರು ಹೋದರೆ ಮನೆಯ ಹಿತ್ತಿಲಿನಿಂದಲೇ ಒಂದು ಮರ ಹೋಗುತ್ತದೆ, ಅದರ ಜಾಗದಲ್ಲಿ ಇನ್ನೊಂದನ್ನು ನೆಡುತ್ತಾರೆ. ಆದರೆ ಕಾಯಿ ಬಿಡುವ ಮರಕ್ಕೆ ಕೈ ಹಚ್ಚುವುದಿಲ್ಲ, ಬಂಜೆ ಮರವನ್ನು ನೋಡಿ ಕಡಿಯುತ್ತಾರೆ. ಇಷ್ಟನ್ನು ಅಮ್ಮನಿಂದ ಸ್ವಲ್ಪ ಸ್ವಲ್ಪವಾಗಿ ಕೇಳಿ ತಿಳಿದ ಮೇಲೆ ನನ್ನ ಎಂಟು ವರ್ಷದ ತಲೆ ಒಂದು ಲೆಕ್ಕ ಹಾಕಿತು. ಮರ ಕಾಯಿ ಬಿಟ್ಟರೆ ಅದನ್ನು ಕಡಿಯುವ ಹಾಗಿಲ್ಲ. ಕಡಿಯುವ ಹಾಗಿಲ್ಲದಿದ್ದರೆ ಅಜ್ಜಿಗೆ ಮರ ಇಲ್ಲ. ಮರ ಇಲ್ಲದಿದ್ದರೆ ಅಜ್ಜಿ ಸಾಯುವ ಹಾಗಿಲ್ಲ. ಈ ಲೆಕ್ಕದಲ್ಲಿ ತಪ್ಪು ಎಲ್ಲಿ ಎಂದು ಇವತ್ತು ಕೇಳಿದರೆ ಥಟ್ಟನೆ ಹೇಳಲಿಕ್ಕೆ ನನಗೂ ಬರುವುದಿಲ್ಲ. ಅಜ್ಜಿಯ ಜ್ವರ ನೋಡಿ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ರಾತ್ರಿ ನಾನು ಮಲಗುತ್ತಿದ್ದದ್ದು ಅವಳ ಸೆರಗಿನ ಒಳಗೆ. ಅವಳಿಲ್ಲದ ಚಾಪೆ ಹೇಗಿರುತ್ತದೆಂದು ಯೋಚಿಸಲಿಕ್ಕೂ ನನಗೆ ಧೈರ್ಯ ಇರಲಿಲ್ಲ. ಹೇಗಾದರೂ ಮಾಡಿ ಆ ಮರದಲ್ಲಿ ಕಾಯಿ ಬಿಡಿಸಬೇಕು ಎಂದು ನಿಶ್ಚಯ ಮಾಡಿದೆ.

ಹೇಗೆ ಎಂದು ಎಲ್ಲರನ್ನೂ ಕೇಳಿದೆ. ಅಜ್ಜಿ, ಮೀನು ತೊಳೆದ ನೀರು ಹೊಯ್ಯಿ ಎಂದಳು. ಎರ್ಮಾಳಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು, ನೀರಿನಲ್ಲಿ ಎಂತ ಉಂಟು, ಬುಡದಲ್ಲಿ ಬೂತಾಯಿ ಮೀನಿನ ತಲೆ ಹೂಳು ಎಂದಳು. ಅಮ್ಮ, ಒಲೆಯ ಬೂದಿ ಹಾಕು ಎಂದಳು. ಎರಡು ದಿನ ಬಿಟ್ಟು, ಬೂದಿ ಬೇಡ, ಅದು ಬಸಳೆಗೆ ಬೇಕು ಎಂದಳು. ಶಾಲೆಯಲ್ಲಿ ಕೇಳಿದಾಗ ಮಾಸ್ಟ್ರು, ಇದು ಪಾಠದಲ್ಲಿ ಇಲ್ಲದ ಪ್ರಶ್ನೆ ಎಂದು ಕುಳ್ಳಿರಿಸಿದರು. ಮಾವನ ಉತ್ತರ ಎಲ್ಲಕ್ಕಿಂತ ಚಿಕ್ಕದು: “ಅದು ಬಿಡುವ ಜಾತಿಯಲ್ಲ.” ನಾನು ಎಲ್ಲವನ್ನೂ ಮಾಡಿದೆ. ಸೋಣದಲ್ಲಿ ಸೌತೆಕಾಯಿ ಕೊಯ್ದು, ತೆಂಗಿನ ಗರಿಯಲ್ಲಿ ಕಟ್ಟಿ, ಚಾವಡಿಯ ಜಂತಿಗೆ ಸಾಲಾಗಿ ತೂಗಿಸುವಾಗಲೂ ನನ್ನ ಕಣ್ಣು ಹಿತ್ತಿಲ ಕಡೆ. ನವರಾತ್ರಿ ಕಳೆದು ಮಾವ ಮಲ್ಲಿಗೆಯ ಗಿಡಗಳ ತುದಿ ಕತ್ತರಿಸಿ, ನೆಲಗಡಲೆ ಹಿಂಡಿಯನ್ನು ಮಡಕೆಯಲ್ಲಿ ಕೊಳೆಹಾಕಿ, ಆ ನಾರುವ ನೀರನ್ನು ಗಿಡಕ್ಕಿಷ್ಟು ಎಂದು ಚಿಪ್ಪಿನಲ್ಲಿ ಅಳೆದು ಹೊಯ್ಯುತ್ತಿದ್ದರು. ಚಿಪ್ಪು ನನ್ನ ಕೈಗೆ ಬಂದ ದಿನ ಪ್ರತಿ ಸಾಲಿನ ಕೊನೆಯ ಗಿಡದ ಪಾಲು ಮರಕ್ಕೆ ಹೋಗುತ್ತಿತ್ತು. ಮಾವನಿಗೆ ಇದು ಗೊತ್ತಿತ್ತೋ ಇಲ್ಲವೋ.

ಚಳಿ ಎಂದು ನಾವು ಕರೆಯುವ, ಬೆಳಿಗ್ಗೆ ಒಂದು ಗಳಿಗೆ ಇದ್ದು ಹೋಗುವ ಆ ಚಳಿ ಬಂತು. ಮಳೆಯ ತರಕಾರಿ ಮುಗಿದು ಹರಿವೆ, ಅಲಸಂಡೆ, ಬದನೆಯ ಸರದಿ. ಬಸಳೆಯ ಬಳ್ಳಿ ನೆಟ್ಟು ಚಪ್ಪರ ಹಾಕಿದರು. ದಿನವೂ ಸಂಜೆ ಅಮ್ಮ ಬಾವಿಯಿಂದ ನೀರು ಸೇದುವುದು, ನಾನು ಸಣ್ಣ ಕೊಡಪಾನದಲ್ಲಿ ಹೊರುವುದು. ನನ್ನ ಕೊನೆಯ ಕೊಡಪಾನ ಮರಕ್ಕೆ. ಅಜ್ಜಿಯ ಕೆಲಸ ಆಗ ಬೇರೆ. ತೆಂಗಿನ ಮರದಿಂದ ಬಿದ್ದ ಮಡಲು, ಅದರ ಬುಡದ ಕೊತ್ತಳಿಗೆ, ಕಾಯಿಯ ಗೆರಟೆ, ಸಿಪ್ಪೆ, ಗಾಳಿಗೆ ಮುರಿದ ಮಾವಿನ ಒಣಕೊಂಬೆ ಎಲ್ಲವನ್ನೂ ಆರಿಸಿ, ಕಟ್ಟು ಕಟ್ಟಿ, ಬಚ್ಚಲಿನ ಪಕ್ಕದ ಕಟ್ಟಿಗೆ ಕೊಟ್ಟಿಗೆಯಲ್ಲಿ ಅಟ್ಟಿ ಹಾಕುವುದು. ಮಳೆಗಾಲಕ್ಕೆ ಈಗಿನಿಂದಲೇ ಕಟ್ಟಿಗೆ ಕೂಡಿಸದವಳು ಹೆಂಗಸೇ ಅಲ್ಲ ಎಂಬುದು ಅವಳ ಅಭಿಪ್ರಾಯ. ಅವಳ ಸೊಂಟ ಹಿಡಿದುಕೊಂಡಿತ್ತು, ಆದರೂ ನಾನು ಎಳೆದು ತಂದ ಮಡಲನ್ನು ಕತ್ತಿಯಲ್ಲಿ ತುಂಡು ಮಾಡುತ್ತ ಕೂರುತ್ತಿದ್ದಳು. ನಡುವೆ ಒಮ್ಮೆ ಕೇಳಿದೆ:

“ಅಜ್ಜಿ, ಮರ ಕಾಯಿ ಬಿಟ್ಟರೆ ನಿನಗೆ ಎಂತ ಮಾಡುವುದು?”

“ಬಿಟ್ಟರೆ ಬಿಡಲಿ. ನನಗೆ ಎಂತಾದರೂ ಆದೀತು. ಈ ಮಡಲೂ ಆದೀತು.”

ಅವತ್ತು ಸಂಜೆಯೇ ಮಾವನ ಹತ್ತಿರ, ‘ನನಗೆ ಆ ಮರವೇ ಆಗಬೇಕು, ನೆನಪಿಟ್ಟುಕೋ’ ಎಂದು ಹೇಳುವುದನ್ನೂ ಕೇಳಿದೆ. ಯಾವುದು ನಿಜ? ಈಗ ನನಗನ್ನಿಸುವುದು, ಎರಡೂ ನಿಜವಿರಬೇಕು. ಆಗ ಹಾಗೆ ಅನ್ನಿಸಲಿಲ್ಲ, ಮೈ ಉರಿಯಿತು.

ಊರಿನ ಮಾವಿನ ಮರಗಳಲ್ಲಿ ಹೂ ಬರುವ ಹೊತ್ತಿಗೆ ನಮ್ಮ ಮರದಲ್ಲೂ ಏನೋ ಕೆಂಪಗೆ ಕಾಣಿಸಿತು. ನಾನು ಬೆರಳು ಮಡಚಿಕೊಂಡೇ ಓಡಿ ಹೋಗಿ ಎಲ್ಲರನ್ನೂ ಕರೆದೆ. ಹೂವಲ್ಲ, ಚಿಗುರು. ಮರದ ತುಂಬ ಎಳೆಯ ತಾಮ್ರದ ಬಣ್ಣದ ಎಲೆ.

“ಚಿಗುರು ಬಂತಲ್ಲ, ಒಳ್ಳೆಯದೇ,” ಎಂದಳು ಅಜ್ಜಿ.

“ಎಂತ ಒಳ್ಳೆಯದು,” ಎಂದರು ಮಾವ. “ಈಗ ಚಿಗುರಿದರೆ ಈ ವರ್ಷ ಹೂ ಇಲ್ಲ. ಚಳಿಯಲ್ಲಿ ನೀರು ಕಂಡರೆ ಮಾವು ಎಲೆಯನ್ನೇ ಮಾಡುವುದು. ಬಾಯಾರಬೇಕು, ಆಗ ಹೂ ಬಿಡುವುದು.”

“ನನಗೆ ಯಾರೂ ಹೇಳಲಿಲ್ಲ.”

“ಅದು ಎಲ್ಲರಿಗೂ ಗೊತ್ತುಂಟಲ್ಲ ಮಗಾ.”

ಎಲ್ಲರಿಗೂ ಗೊತ್ತಿದ್ದರೆ ಒಬ್ಬರಾದರೂ ಹೇಳಬಾರದಿತ್ತೇ? ಬಾವಿಕಟ್ಟೆಯ ಹಿಂದೆ ಹೋಗಿ ಅತ್ತೆ. ನೀರು ಹೊಯ್ಯದೆ ಇದ್ದರೆ ಮರ ಒಣಗುತ್ತದೆ ಎಂದು ಎಲ್ಲ ಪಾಠದಲ್ಲೂ ಬರೆದಿದೆ. ಹೊಯ್ದರೆ ಕಾಯಿ ಬಿಡುವುದಿಲ್ಲ ಎಂದರೆ ನಾನು ಏನು ಮಾಡಬೇಕಿತ್ತು? ಇವತ್ತಿಗೂ ಮಣಿಪಾಲದ ನನ್ನ ತಾರಸಿಯ ಕುಂಡಗಳ ಎದುರು ನೀರಿನ ಚೊಂಬು ಹಿಡಿದು ಒಂದು ಕ್ಷಣ ಸುಮ್ಮನೆ ನಿಂತುಬಿಡುತ್ತೇನೆ.

ಪುಯಿಂತೆಲ್ ತಿಂಗಳ ಕೊನೆಗೆ, ಬಿಸಿಲು ಏರತೊಡಗುವಾಗ, ಕೆಡ್ಡಸ. ಭೂಮಿ ಮುಟ್ಟಾಗುವ ದಿನಗಳು ಅವು ಎಂಬುದು ನಮ್ಮವರ ನಂಬಿಕೆ. ಮೂರು ದಿನ ನೆಲಕ್ಕೆ ಗುದ್ದಲಿ ತಾಗಿಸುವ ಹಾಗಿಲ್ಲ, ಹಸಿ ಮರಕ್ಕೆ ಕತ್ತಿ ಮುಟ್ಟಿಸುವ ಹಾಗಿಲ್ಲ, ಒಂದು ಎಲೆ ಕೊಯ್ಯುವ ಹಾಗಿಲ್ಲ. ಹಿತ್ತಿಲಿನಲ್ಲಿ ವರ್ಷವಿಡೀ ದುಡಿಯುವವರಿಗೆ ಇದೊಂದೇ ರಜೆ. ಮಲ್ಲಿಗೆ ಕೂಡ ಗಿಡದಲ್ಲೇ ಅರಳಿ ಬಾಡುತ್ತಿತ್ತು. ಆ ಮೂರು ದಿನ ಮಾವನ ಮುಖ ನೋಡಬೇಕಿತ್ತು. ಕೊನೆಯ ದಿನ ಹೆಂಗಸರು ತುಳಸಿಕಟ್ಟೆಯ ಪಕ್ಕದಲ್ಲಿ ನೆಲ ಸಾರಿಸಿ, ಭೂಮಿಗೆ ಎಣ್ಣೆ, ಸೀಗೆ, ಅರಸಿನ ಇಟ್ಟು ಮೀಯಿಸುತ್ತಾರೆ. ಮರವನ್ನು ಹೆದರಿಸುವುದು ಈ ಮೂರು ದಿನ ಶುರುವಾಗುವ ಹಿಂದಿನ ಸಂಜೆ. ಆ ವರ್ಷ ಅಷ್ಟು ಹೊತ್ತಿಗೆ ಅಜ್ಜಿ ಮಲಗಿದ್ದಳು. ಸೊಂಟದಿಂದ ಶುರುವಾದದ್ದು ಉಸಿರಿಗೆ ಬಂದಿತ್ತು, ಉಡುಪಿಯಿಂದ ಬಂದ ಡಾಕ್ಟರು ಅಂಗಳದಲ್ಲಿ ನಿಂತು ಮಾವನ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿ ಹೋಗಿದ್ದರು. ಚಾಪೆಯಿಂದಲೇ ಅವಳ ದರಬಾರು ನಡೆಯುತ್ತಿತ್ತು. ‘ನಾಳೆಯಿಂದ ಕೊಯ್ಯಲಿಕ್ಕಿಲ್ಲ, ನುಗ್ಗೆ ಬದನೆ ಇವತ್ತೇ ತಂದಿಡಿ. ನನ್ನೇರಿಗೆ ಅಕ್ಕಿ ಹುರಿದದ್ದಾಯಿತಾ?’ ಎಂದು ಕೇಳಿದಳು. ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ ಕಾಯಿ ಸೇರಿಸಿದ ಆ ನನ್ನೇರಿ ಇಲ್ಲದೆ ಕೆಡ್ಡಸ ಇಲ್ಲ. ಮರದ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ಮೊದಲು ಹಗುರವಾಯಿತು, ಸುಳ್ಳು ಹೇಳುವುದು ತಪ್ಪಿತಲ್ಲ ಎಂದು. ಆಮೇಲೆ ಭಯವಾಯಿತು. ಕೇಳದಿದ್ದರೆ, ನಾನು ಮಾತು ಕೊಡದಿದ್ದರೆ, ಬರುವ ವರ್ಷ ಎಂಬುದು ಉಂಟೋ ಇಲ್ಲವೋ?

ಕೆಡ್ಡಸದ ನಡುವಿನ ದಿನ ಬೆಳಿಗ್ಗೆ ಅಜ್ಜಿ ಹೋದಳು. ಅಮ್ಮ ಗಂಜಿ ತಂದಾಗ ಬಾಯಿ ತೆರೆಯಲಿಲ್ಲ, ಅಷ್ಟೇ. ಅವಳನ್ನು ಮೀಯಿಸಿ ಚಾವಡಿಯಲ್ಲಿ, ಕೆಡ್ಡಸದ ಊಟಕ್ಕೆಂದು ಮೊದಲೇ ಕೊಯ್ದಿಟ್ಟ ಬಾಳೆಲೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಇಟ್ಟರು. ಮೇಲೆ ಜಂತಿಯಲ್ಲಿ ನಾವಿಬ್ಬರೂ ಕಟ್ಟಿದ ಸೌತೆಕಾಯಿಗಳು ತೂಗುತ್ತಿದ್ದವು. ನಾನು ಅಳಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಗಲಿಬಿಲಿ. ಕಾಯಿ ಬಿಡಲಿಲ್ಲ, ಆದ್ದರಿಂದ ಅಜ್ಜಿ ಹೋದಳೋ? ಅಥವಾ ಅಜ್ಜಿ ಹೋಗುವವಳಿದ್ದಳು, ಅದಕ್ಕೇ ಕಾಯಿ ಬಿಡಲಿಲ್ಲವೋ? ಕೇಳಬೇಕಾಗಿದ್ದವಳು ಬಾಳೆಲೆಯ ಮೇಲೆ ಮಲಗಿದ್ದಳು.

ಅಂಗಳದಲ್ಲಿ ಗಂಡಸರ ನಡುವೆ ಬೇರೆಯೇ ಗಲಿಬಿಲಿ. ಪಕ್ಕದ ಮನೆಯ ಸಂಜೀವಣ್ಣ ಇಂಥ ಹೊತ್ತಿನಲ್ಲಿ ಮುಂದೆ ನಿಲ್ಲುವವರು. ಅವರು ಹೇಳಿದರು:

“ಮರ ಹೇಗೂ ಹೇಳಿಟ್ಟದ್ದು ಉಂಟಲ್ಲ. ಕಡಿಯುವ. ಬಿಸಿಲು ಏರ್ತದೆ.”

“ಕೆಡ್ಡಸದಲ್ಲಿ ಹಸಿ ಮರಕ್ಕೆ ಕೊಡಲಿ ಹಾಕುವುದಾ?” ಬಾಗಿಲಿನ ಹತ್ತಿರ ಇದ್ದ ಸಂಜೀವಣ್ಣನ ಹೆಂಡತಿ ಕೇಳಿದರು. “ಇಷ್ಟು ವರ್ಷ ನಮಗೆಲ್ಲ ಬೇಡ ಅಂತ ಬೈದವರು ಅವರೇ. ಅವರಿಗಾಗಿಯೇ ಕಡಿಯುವುದಾ?”

“ಸಾವಿಗೆ ಕೆಡ್ಡಸ ಉಂಟಾ?” ಎಂದರು ಸಂಜೀವಣ್ಣ.

“ಅದು ನನಗೆ ಗೊತ್ತಿಲ್ಲಪ್ಪ. ಅವರು ಒಪ್ಪುತ್ತಿರಲಿಲ್ಲ.”

ಮರ ಆಗಬೇಕು ಎಂದವಳೂ ಅಜ್ಜಿ, ಮುಟ್ಟಬಾರದು ಎಂದವಳೂ ಅಜ್ಜಿ. ಎಲ್ಲರೂ ಮಾವನ ಮುಖ ನೋಡಿದರು. ಮಾವ ಕೊಟ್ಟಿಗೆಯಿಂದ ಕೊಡಲಿ ತೆಗೆದುಕೊಂಡು ಹಿತ್ತಿಲಿಗೆ ನಡೆದರು. ಎಷ್ಟೋ ವರ್ಷದಿಂದ ಕಡಿಯಬೇಕೆಂದಿದ್ದ ಮರ. ಈಗ ತಡೆಯುವವರು ಯಾರೂ ಇಲ್ಲ. ನಾನು ಹಿಂದೆಯೇ ಓಡಿದೆ. ಅವರು ಮರದ ಬುಡದಲ್ಲಿ ನಿಂತರು. ಹಳೆಯ ಏಟಿನ ಗಾಯಗಳ ಮೇಲೆ ಅಜ್ಜಿ ಹಚ್ಚಿದ ಸುಣ್ಣ ಮಳೆಗೆ ತೊಳೆದುಹೋಗಿಯೂ ಅಲ್ಲಲ್ಲಿ ಬೆಳ್ಳಗೆ ಉಳಿದಿತ್ತು. ಮಾವ ಅದನ್ನು ನೋಡಿದರು, ಕೊಡಲಿ ಕೆಳಗಿಳಿಸಿದರು, ಮತ್ತೆ ಎತ್ತಿದರು.

“ಕೇಳದೆ ಕಡಿಯಬಾರದು ಅಂತ ಅಜ್ಜಿ ಹೇಳ್ತಿದ್ದರು,” ಎಂದರು, ನನಗೋ ತಮಗೋ.

ಆಮೇಲೆ ಕೇಳಿದರು. ರಾಕ್ಷಸನ ದನಿ ಇಲ್ಲ. ಬಸ್ಸಿನಲ್ಲಿ ಪಕ್ಕದವರನ್ನು ಊರು ಕೇಳುವಷ್ಟು ಮೆಲ್ಲಗೆ.

“ಕಾಯಿ ಬಿಡ್ತೀಯಾ? ಅಲ್ಲ, ಕಡಿಯಲಾ?”

ನಾನು ಅವತ್ತು ಮರದ ಹಿಂದೆ ಅಡಗಿರಲಿಲ್ಲ, ಎದುರಿಗೇ ಇದ್ದೆ. ಅವರು ನೋಡುತ್ತಿದ್ದದ್ದು ನನ್ನನ್ನು. ಬಾಯಿಗೆ ರೂಢಿಯ ಉತ್ತರ ಬಂದೇ ಬಂತು. ಆದರೆ ಬರುವ ವರ್ಷ ಬಿಡ್ತೇನೆ ಎಂದರೆ ಅದು ಸುಳ್ಳು. ನೀರು, ಬೂದಿ, ಮೀನಿನ ತಲೆ, ಎಲ್ಲ ಹಾಕಿ ನೋಡಿದವಳು ನಾನೇ. ಕಡಿಯಬೇಡಿ ಎಂದರೆ ಅಜ್ಜಿ ಇಷ್ಟು ವರ್ಷ ತನಗೆಂದು ಕಾದಿಟ್ಟ ಮರವನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗೆ. ಕಡಿಯಿರಿ ಎನ್ನಲಿಕ್ಕೆ ನಾಲಿಗೆ ಏಳಲಿಲ್ಲ.

“ಗೊತ್ತಿಲ್ಲ,” ಎಂದೆ.

“ಎಂತ?”

“ನನಗೆ ಗೊತ್ತಿಲ್ಲ ಮಾವ.”

ಸಂಜೀವಣ್ಣ ಅಷ್ಟರಲ್ಲಿ ಹಗ್ಗ ಹಿಡಿದುಕೊಂಡು ಬಂದಿದ್ದರು. “ಮಗುವನ್ನು ಎಂತ ಕೇಳುವುದು ಮಾರಾಯ, ಹೊತ್ತಾಗ್ತದೆ.”

“ಮಗುವನ್ನಲ್ಲ, ಮರವನ್ನು ಕೇಳಿದ್ದು,” ಎಂದರು ಮಾವ. “ಮರಕ್ಕೆ ಗೊತ್ತಿಲ್ಲವಂತೆ.”

ಕೊಡಲಿಯನ್ನು ಕಾಂಡಕ್ಕೆ ಒರಗಿಸಿ ಇಟ್ಟು, ಅದರ ಪಕ್ಕದಲ್ಲೇ ಕೂತು, ಮಾವ ಅಳಲಿಕ್ಕೆ ಶುರು ಮಾಡಿದರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಂಜೀವಣ್ಣ ತಂದ ಹಗ್ಗವನ್ನು ಮತ್ತೆ ಸುತ್ತಿಕೊಂಡರು.

ಅಜ್ಜಿಯನ್ನು ಸುಟ್ಟದ್ದು ಕಟ್ಟಿಗೆ ಕೊಟ್ಟಿಗೆಯಲ್ಲಿ ಇದ್ದದ್ದರಿಂದ. ನೆಲ ಅಗೆಯುವ ಹಾಗಿಲ್ಲದ್ದರಿಂದ ಹಿತ್ತಿಲ ತೆಂಕು ಮೂಲೆಯಲ್ಲಿ ಮುರಕಲ್ಲು ಜೋಡಿಸಿ, ಅದರ ಮೇಲೆ ಚಿತೆ. ಗಾಳಿಗೆ ಬಿದ್ದ ಮಾವಿನ ಕೊಂಬೆಗಳು ಕೆಳಗೆ, ಅದರ ಮೇಲೆ ಕೊತ್ತಳಿಗೆ, ಗೆರಟೆ, ಸಿಪ್ಪೆ, ಮಡಲಿನ ಕಟ್ಟುಗಳು. ಸಾಲದ್ದಕ್ಕೆ ಸಂಜೀವಣ್ಣನ ಮನೆಯಿಂದಲೂ ಒಣ ಕಟ್ಟಿಗೆ ಬಂತು. ಹೆಂಗಸರು ಮಕ್ಕಳು ಹತ್ತಿರ ಹೋಗುವ ಹಾಗಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಹೊಗೆ ನೋಡಿದೆ. ಆ ಕಟ್ಟುಗಳಲ್ಲಿ ಎಷ್ಟನ್ನೋ ನಾನೇ ಎಳೆದು ತಂದದ್ದು, ಅವಳೇ ಕೂತು ತುಂಡು ಮಾಡಿದ್ದು. ಈ ಮಡಲೂ ಆದೀತು ಎಂದಿದ್ದಳು. ಆಯಿತು.

ಮರ ಆಮೇಲೆ ಕಾಯಿ ಬಿಟ್ಟಿತಾ ಎಂದು ಎಲ್ಲರೂ ಕೇಳುತ್ತಾರೆ. ಬಿಟ್ಟಿತು. ನಾನು ಹೈಸ್ಕೂಲು ಮುಗಿಸುವ ವರ್ಷ, ಯಾರೂ ಹೆದರಿಸದೆ, ಯಾರೂ ನೀರು ಹೊಯ್ಯದೆ. ಕಣ್ಣು ಮುಚ್ಚಿಹೋಗುವಷ್ಟು ಹುಳಿ, ಉಪ್ಪಿನಕಾಯಿಗೆ ಮಾತ್ರ ಆಗುವಂಥದ್ದು. ಮಾವ ತಮ್ಮ ಮಲ್ಲಿಗೆಯನ್ನು ಅಂಗಳದ ಇನ್ನೊಂದು ಬದಿಗೆ ಸಾಗಿಸಿದ್ದರು. ಯಾಕೆ ಬಿಟ್ಟಿತು, ಅಷ್ಟು ವರ್ಷ ಯಾಕೆ ಬಿಡಲಿಲ್ಲ ಎಂದು ಅವರನ್ನು ಕೇಳಿದೆ. ಎಲ್ಲರಿಗೂ ಗೊತ್ತುಂಟಲ್ಲ ಎಂದು ಅವರು ಅವತ್ತು ಹೇಳಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಹುಳಿಯಲ್ಲ, ಅಜ್ಜಿ ಹೋದ ಮರುದಿನ. ಕೆಡ್ಡಸದ ಕೊನೆಯ ದಿನ. ಸುತ್ತಲಿನ ಮನೆಗಳಲ್ಲಿ ಹೆಂಗಸರು ಭೂಮಿಯನ್ನು ಮೀಯಿಸುವ ಸಡಗರ ಕೇಳಿಸುತ್ತಿತ್ತು, ಸೀಗೆ ಅರಸಿನದ ವಾಸನೆ ಬೇಲಿ ದಾಟಿ ಬರುತ್ತಿತ್ತು. ನಮ್ಮಲ್ಲಿ ಸೂತಕ, ತುಳಸಿಕಟ್ಟೆ ಮುಟ್ಟುವ ಹಾಗಿಲ್ಲ. ಅಮ್ಮ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು, ಕೆಲಸವಿಲ್ಲದ ಕೈಗಳು ಮಡಿಲಲ್ಲಿ. ಪ್ರತಿವರ್ಷ ನಮ್ಮ ಹಿತ್ತಿಲ ಮಣ್ಣಿಗೆ ಎಣ್ಣೆ ಇಡುತ್ತಿದ್ದವಳು ಅಜ್ಜಿ. ನಾನು ಪಕ್ಕದಲ್ಲಿ ಕೂತು ಕೇಳಿದೆ:

“ಅಮ್ಮ, ನಮ್ಮ ಭೂಮಿಯನ್ನು ಯಾರು ಮೀಯಿಸುವುದು?”

ಉತ್ತರ ಸಿಗುತ್ತದೆಂದೇ ಕಾದೆ. ನಮ್ಮ ಮನೆಯಲ್ಲಿ ಎಂಥ ಪ್ರಶ್ನೆಗೂ ಎರಡು ಉತ್ತರ ಇರುತ್ತಿತ್ತು. ಅಮ್ಮ ಅಂಗೈಯಲ್ಲಿ ಒಣ ನೆಲವನ್ನು ಸವರಿದಳು.

“ಗೊತ್ತಿಲ್ಲ ಮಗಾ,” ಎಂದಳು. “ನನಗೆ ಎಂತದೂ ಗೊತ್ತಾಗ್ತಾ ಇಲ್ಲ.”

ದೊಡ್ಡವರೊಬ್ಬರು ನನ್ನ ಹತ್ತಿರ ಹಾಗೆ ಹೇಳಿದ್ದು ಅದೇ ಮೊದಲು. ಎರಡು ದಿನದಿಂದ ಎಲ್ಲಿ ಸಿಕ್ಕಿಕೊಂಡಿತ್ತೋ, ಅಳು ಆಗ ಬಂತು. ಅಮ್ಮ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಸೆರಗಿಗೆ ಹೊಗೆಯ ವಾಸನೆ ಇತ್ತು. ಬೇಲಿಯ ಆಚೆ ಯಾರೋ ನೆಲಕ್ಕೆ ನೀರು ಹೊಯ್ಯುವ ಸದ್ದು ಕೇಳಿಸುತ್ತಿತ್ತು, ನಾವಿಬ್ಬರೂ ಮರದ ಬುಡದಲ್ಲಿ ಹಾಗೆಯೇ ಕೂತಿದ್ದೆವು.